ಅಕ್ಕನಿಗೆ ಲೇಸರು, ನನಗೆ ಲೈಟು

ನನ್ನ ಅಕ್ಕ ನನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದೆಲ್ಲ ಶುರುವಾದದ್ದೇ ಒಬ್ಬ ಹೆಣ್ಣುಮಗಳಿಗೆ ಅದು ಹಾಗೆ ಕಾಣದೇ ಹೋದದ್ದರಿಂದ.

ಮಾನ್ವಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗನ ಮದುವೆ ಇತ್ತು. ಬುದ್ಧನ ಮುಂದೆ ತ್ರಿಸರಣ, ಪಂಚಶೀಲ ಹೇಳಿ ಮುಗಿಸುವ ಮದುವೆ. ಹೂವಿನ ಪಕಳೆ ಬಿದ್ದದ್ದೇ ತಡ, ಜನ ಊಟದ ಕಡೆ ಹೊರಳಿದ್ದರು. ನಾನೂ ಅಕ್ಕನೂ ಒಂದೇ ಸಾಲಿನಲ್ಲಿ ಕೂತು ಹೋಳಿಗೆಗೆ ಕಾಯುತ್ತಿದ್ದೆವು. ಎದುರಿಗೆ ಕೂತಿದ್ದ ಬೀಗರ ಕಡೆಯ ಹೆಣ್ಣುಮಗಳು ನನ್ನ ಹಾಗೆ ಶಾಲೆಯ ಟೀಚರು. ವರ್ಗಾವಣೆ, ಬಿಸಿಲು, ಮಕ್ಕಳು ಎಲ್ಲ ಮಾತಾಡಿ ಮುಗಿದ ಮೇಲೆ ಅಕ್ಕನ ಕಡೆ ನೋಡಿ, "ನಿಮ್ಮ ತಾಯಾರೇನ್ರಿ? ಈ ವಯಸ್ಸಿಗೂ ಗಟ್ಟಿ ಅದಾರ ನೋಡ್ರಿ," ಅಂದರು.

"ಅಲ್ರೀ, ನಮ್ಮ ಅಕ್ಕ," ಅಂದೆ. ಆಕೆ ನಾಲಗೆ ಕಚ್ಚಿಕೊಂಡರು. ಅಕ್ಕ ನಕ್ಕುಬಿಟ್ಟಳು. "ಇರ್ಲಿ ಬಿಡ್ರಿ, ಕಣ್ಣಿಗೆ ಕಂಡದ್ದು ಅಂದೀರಿ," ಅಂದಳು. ಆಮೇಲೆ ಬಡಿಸಿದ ಹೋಳಿಗೆಯನ್ನು ಎಲೆಯ ಮೂಲೆಗೆ ಸರಿಸಿ ಬರೀ ಅನ್ನ ಉಂಡೆದ್ದಳು. ನಮ್ಮ ಅಕ್ಕ ಹೋಳಿಗೆ ಬಿಟ್ಟು ಏಳುವವಳಲ್ಲ. ಜ್ವರ ಬಂದಾಗಲೂ ತಿಂದವಳು.

ಒಂದು ವಾರ ಬಿಟ್ಟು ದೇವದುರ್ಗದಿಂದ ಅವಳ ಫೋನು ಬಂತು. ಅವಳು ಅಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಕುಶಲ, ಮೊಮ್ಮಗಳ ಹಲ್ಲು, ತೊಗರಿಬೇಳೆಯ ಮಾತು ಎಲ್ಲ ಆದ ಮೇಲೆ ಸಹಜವಾಗಿ ಕೇಳುವವಳ ಹಾಗೆ, "ಮುಖದ ಗೆರಿ ಹೋಗಾಕ ಅದೇನೋ ಲೈಟು ಹಿಡೀತಾರಂತಲ್ಲ, ಅದು ಖರೇನ ಏನು?" ಅಂದಳು. ನನಗೆ ಕೂಡಲೇ ಎಲೆಯ ಮೂಲೆಯ ಹೋಳಿಗೆ ಕಣ್ಣಿಗೆ ಕಟ್ಟಿತು. ಯಾಕೆ ಅಂತ ಕೇಳಲಿಲ್ಲ. ವಿಚಾರಿಸಿ ಹೇಳ್ತೀನಿ ಅಂದೆ.

ವಿಚಾರಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ರಾಯಚೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಒಂದು ಮಿಕ್ಸಿ ಕೊಳ್ಳುವುದಕ್ಕೂ ಅರ್ಧ ಊರು ಸುತ್ತುತ್ತೇನೆ. ಅಂಗಡಿಯವರು ನನ್ನನ್ನು ದೂರದಿಂದ ಕಂಡೇ ನಿಟ್ಟುಸಿರು ಬಿಡುತ್ತಾರೆ. "ನನ್ನೊಬ್ಬನ್ನ ಮಾತ್ರ ವಿಚಾರ ಮಾಡ್ಲಾರದ ಒಪ್ಪಿಕೊಂಡಿ," ಎಂದು ನನ್ನ ಗಂಡ ಹಂಗಿಸುವುದುಂಟು. ಹೌದು, ಅದೊಂದು ಅವಸರ ಆಗಿಹೋಯಿತು ಎಂದು ನಾನೂ ಬಿಡದೆ ಹೇಳುತ್ತೇನೆ.

ಲೇಸರಿಗೂ ಲೈಟಿಗೂ ಇರುವ ಫರಕನ್ನು ನಾನು ಹಲಗೆಯ ಮೇಲೆ ವರ್ಷವರ್ಷ ಬರೆದವಳು. ಲೇಸರ್ ಎಂದರೆ ಒಂದೇ ಬಣ್ಣದ ಬೆಳಕು, ಒಂದೇ ದಾರಿ ಹಿಡಿದು ಹೋಗುತ್ತದೆ. ಮಾಮೂಲಿ ಬೆಳಕಿನಲ್ಲಿ ಹಲವು ಬಣ್ಣ ಸೇರಿರುತ್ತವೆ, ನಾಲ್ಕೂ ದಿಕ್ಕಿಗೆ ಚೆದುರುತ್ತವೆ. ಆದರೆ ಇವೆರಡೂ ಹೆಂಗಸರ ಮುಖದ ಮೇಲೆ ಬಂದರೆ ಏನು ಮಾಡುತ್ತವೆ ಎಂದು ಯಾವ ಪಾಠದಲ್ಲೂ ಇರಲಿಲ್ಲ. ಕೇಳಿ ಕೇಳಿ ತಿಳಿದುಕೊಂಡೆ. ಮಿಂಚು ಹೊಡೆದ ಹಾಗೆ ಬಡಿಯುವ ಲೈಟು ಚರ್ಮದ ಕಪ್ಪು ಕಲೆಗಳನ್ನು, ಕೆಂಪನ್ನು ಹುಡುಕಿಕೊಂಡು ಹೋಗುತ್ತದೆ; ಕಲೆ ತಿಳಿಯಾಗುತ್ತದೆ, ಗೆರೆಗೆ ಅದರಿಂದ ಅಷ್ಟೇನೂ ಆಗುವುದಿಲ್ಲ. ಮಾಡಿಸಿಕೊಂಡ ಮರುದಿನ ಕೆಲಸಕ್ಕೆ ಹೋಗಬಹುದು. ಲೇಸರು ಚರ್ಮದೊಳಗೆ ಸಣ್ಣ ಸಣ್ಣ ತೂತು ಕೊರೆದು, ಮಧ್ಯದ ಚರ್ಮ ಹಾಗೇ ಬಿಟ್ಟು, ಆ ಗಾಯ ಮಾಯುವಾಗ ಹೊಸ ಚರ್ಮ ಹುಟ್ಟುವಂತೆ ಮಾಡುತ್ತದೆ. ಗೆರೆಗೆ ಅದೇ ಸೈ. ಆದರೆ ಮುಖ ಕೆಂಪಾಗಿ, ಹಕ್ಕಳೆಗಟ್ಟಿ, ಕೆಲವು ದಿನ ಮನೆ ಹಿಡಿದು ಕೂರಬೇಕು. ನಮ್ಮಂಥ ಕಪ್ಪು ಮೈಬಣ್ಣದವರಿಗೆ ಎರಡರಲ್ಲೂ ಅಪಾಯ ಉಂಟು. ಸುಟ್ಟ ಜಾಗ ಇನ್ನಷ್ಟು ಕಪ್ಪಾಗಿ ಕೂತುಬಿಡಬಹುದು.

ಇದೆಲ್ಲ ಫೋನಿನಲ್ಲಿ ಹೇಳಿದೆ. ಅಕ್ಕ ಸಣ್ಣಂದಿನಿಂದ ಚೀಕಲಪರ್ವಿಯ ಹೊಳೆದಂಡೆಯ ಗದ್ದೆಗಳಲ್ಲಿ ಕೂಲಿಗೆ ನೆಲ್ಲು ನಾಟಿ ಮಾಡಿದವಳು. "ಹಂಗಂದ್ರ ನಾಟಿ ಹಚ್ಚಿದಂಗ ಅನ್ನು," ಅಂದಳು. "ಜಾಗ ಬಿಟ್ಟು ಜಾಗ ಬಿಟ್ಟು ಚುಚ್ಚತಾರ, ಆಮ್ಯಾಲೆ ತಾನ ತುಂಬಿಕೊಂತದ."

ಆ ವರ್ಷ ಹತ್ತನೇ ತರಗತಿಗೆ ನಾನು ಹಾಗೇ ಹೇಳಿದೆ. ಮಕ್ಕಳಿಗೆ ಚೆನ್ನಾಗಿ ತಿಳಿಯಿತು.

ಅಷ್ಟರಲ್ಲಿ ಅವಳು ನನಗೆ ಹೇಳದೆ ಸೊಸೆಯನ್ನು ಕರೆದುಕೊಂಡು ದೇವದುರ್ಗದ ಒಂದು ಬ್ಯೂಟಿ ಪಾರ್ಲರಿಗೆ ಹೋಗಿ ಬಂದಿದ್ದಳು. ಅಲ್ಲಿ ಒಳಗಡೆ ಕೆಂಪು ದೀಪ ಉರಿಯುವ ಮುಖವಾಡ ಹಾಕಿ ಮಲಗಿಸುತ್ತಾರಂತೆ. "ಏನಾತು?" ಅಂದೆ. "ಬೆಚ್ಚಗ ಇತ್ತು. ನಿದ್ದಿ ಬಂತು," ಅಂದಳು. "ಗೆರಿ?" ಅಂದೆ. "ಅವಕ್ಕೂ ನಿದ್ದಿ ಬಂದಿರಬೇಕು. ಎದ್ದು ನನ್ನ ಜೋಡಿನ ಮನಿಗೆ ಬಂದ್ವು." ಅಂಥ ದೀಪದಿಂದ ತೊಂದರೆ ಇಲ್ಲ, ತಿಂಗಳುಗಟ್ಟಲೆ ಹಿಡಿದರೆ ಒಂಚೂರು ಉಪಯೋಗ ಆದರೂ ಆಗಬಹುದು ಎಂದು ಆಮೇಲೆ ಡಾಕ್ಟರೂ ಹೇಳಿದರು. ಅಕ್ಕನಿಗೆ ಒಂಚೂರು ಬೇಕಾಗಿರಲಿಲ್ಲ.

ಡಾಕ್ಟರು ರಾಯಚೂರಿನವರು, ಚರ್ಮದ ವೈದ್ಯೆ, ನನ್ನ ಮಗಳ ವಯಸ್ಸು. ಹೋದ ದಿನವೇ ನಮ್ಮಿಬ್ಬರ ಮುಖವನ್ನೂ ಒಂದು ಯಂತ್ರದೊಳಗೆ ಇಟ್ಟು ಫೋಟೊ ತೆಗೆದರು. ನನ್ನದೇಕೆ ಅಂದರೆ, ನನ್ನ ಕೆನ್ನೆಯ ಮೇಲಿನ ಕಂದು ಕಲೆಗಳನ್ನೂ ಒಂದು ಮಾತು ಕೇಳಿಬಿಡೋಣ ಎಂದು ನಾನೇ ಮುಂದಾಗಿ ಕೂತಿದ್ದೆ. ದೊಡ್ಡ ಪರದೆಯ ಮೇಲೆ ನಮ್ಮ ಮುಖಗಳು ಪಕ್ಕಪಕ್ಕ ಬಂದವು. ಅಷ್ಟು ಹತ್ತಿರದಿಂದ ಮನುಷ್ಯರು ತಮ್ಮ ಮುಖ ನೋಡಿಕೊಳ್ಳಬಾರದು. ನನ್ನ ಕಣ್ಣಂಚಿನಲ್ಲಿ, ಮೇಲ್ದುಟಿಯಲ್ಲಿ, ಗದ್ದದ ಬದಿಗೆ ಎಲ್ಲಿ ನೋಡಿದರೂ ಎಳೆ ಎಳೆ ಗೆರೆ.

"ಟೀಚರ್, ಎಣಿಸಾಕ ಕುಂತ್ರ ನಿಮ್ಮ ಗೆರಿನ ಜಾಸ್ತಿ ಅದಾವ," ಅಂದರು ಡಾಕ್ಟರು. "ಅಕ್ಕಾರವು ಆಳ ಅದಾವ, ಆದ್ರ ಕಡಿಮಿ."

ಅಕ್ಕನ ಮುಖ ಅರಳಿತು. ಪರದೆಯ ಹತ್ತಿರ ಹೋಗಿ ನನ್ನ ಮುಖವನ್ನು ಕಣ್ತುಂಬ ನೋಡಿದಳು. "ಪೌಡರ್ ಹಚ್ಚಿ ಹಚ್ಚಿ ಮುಚ್ಚಿಟ್ಟಿದ್ದಿಯಲ್ಲಬೇ," ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ ನೇರವಾಗಿ ಕೇಳಿದಳು: "ಹಂಗಾರ ಮಂದಿ ನನ್ನನ್ನ ಯಾಕ ಈಕಿ ಅವ್ವ ಅಂತಾರ್ರಿ?"

ಆ ಹುಡುಗಿ ತಡವರಿಸಿದರು. ಬಿಳಿ ಕೂದಲು ಒಂದು ಕಾರಣ ಅಂದರು; ನಾನು ಬಣ್ಣ ಹಚ್ಚುತ್ತೇನೆ, ಅವಳು ಹಚ್ಚುವುದಿಲ್ಲ. ಇನ್ನೊಂದು ಕಾರಣ ಹೇಳುವ ಮೊದಲು ಅವರ ಕಣ್ಣು ಅಕ್ಕನ ಹಣೆಯ ಮೇಲೆ ನಿಂತಿತು. ಅಲ್ಲಿ ಹುಬ್ಬುಗಳ ನಡುವೆ ಒಂದು ಹಸಿರು ಗೀಟು, ಅದರ ಕೆಳಗೊಂದು ಚುಕ್ಕೆ. ಹಚ್ಚೆ. "ತಪ್ಪು ತಿಳೀಬ್ಯಾಡ್ರಿ ಅವ್ವಾರ. ಈಗ ಹಣಿಗೆ ಹಚ್ಚಿ ಇರೋರು ಎಲ್ಲಾ ಅಜ್ಜಿಯರು. ನೋಡಿದ ಕೂಡಲೇ ಮಂದಿ ವಯಸ್ಸು ಲೆಕ್ಕ ಹಾಕಿಬಿಡ್ತಾರ."

ಅದು ಖರೆ. ಆ ಹಚ್ಚೆ ಹಾಕಿಸಿದವಳು ನಮ್ಮ ಅಜ್ಜಿ. ಸೂಜಿ, ಬಣ್ಣ ಹಿಡಿದು ಮನೆಬಾಗಿಲಿಗೆ ಬರುವ ಹೆಂಗಸಿನ ಮುಂದೆ ಅಕ್ಕನನ್ನು ತೊಡೆಯ ಮೇಲೆ ಒತ್ತಿ ಹಿಡಿದು ಚುಚ್ಚಿಸಿದ್ದಳಂತೆ. ನನ್ನ ಸರದಿ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ, ಅವ್ವ ನನ್ನನ್ನು ಶಾಲೆಗೆ ಸೇರಿಸಿಯಾಗಿತ್ತು. ಹಾಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವು ನೋಡುವವರಿಗೆ ಬೇರೆ ಬೇರೆ ಕಾಲದವರು.

ಡಾಕ್ಟರು ವಿವರಿಸಿದರು. ಮಿಂಚಿನ ಲೈಟು ಕಪ್ಪು, ಹಸಿರು ಬಣ್ಣ ಕಂಡರೆ ಎಲ್ಲ ಬಿಸಿಯನ್ನೂ ಅಲ್ಲೇ ಸುರಿಯುತ್ತದೆ, ಹಚ್ಚೆಯ ಮೇಲೆ ಹಿಡಿದರೆ ಸುಟ್ಟೇ ಸುಡುತ್ತದೆ. ಗೆರೆಯ ಲೇಸರನ್ನೂ ಅದರ ಮೇಲೆ ಆಡಿಸುವಂತಿಲ್ಲ. ಬೇಕಾದರೆ ಅಷ್ಟು ಜಾಗ ಮುಚ್ಚಿ ಉಳಿದದ್ದಕ್ಕೆ ಮಾಡಬಹುದು. "ಇಲ್ಲಾಂದ್ರ ಹಚ್ಚಿ ತಗಿಯೋ ಲೇಸರ್ ಬ್ಯಾರೇನ ಅದ್ರಿ. ಹಸಿರು ಬಣ್ಣ ಭಾಳ ಹಠ ಮಾಡ್ತದ, ಮ್ಯಾಲಿಂದ ಮ್ಯಾಲೆ ಬರಬೇಕಾಗ್ತದ. ಆದ್ರ ಹೋಗ್ತದ."

ನಾನು ಹಿಂದು ಮುಂದು ನೋಡಲಿಲ್ಲ. "ಹಂಗಾರ ಮೊದ್ಲು ಅದನ್ನ ತಗಿಸಿಬಿಡು ಅಕ್ಕ. ಸಮಸ್ಯಾ ಅಲ್ಲೇ ಅದ," ಅಂದೆ. ಸಮಸ್ಯೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ನನ್ನ ಕಸುಬಿನ ಚಾಳಿ.

ಅಕ್ಕ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಡಾಕ್ಟರನ್ನೇ ನೋಡುತ್ತಿದ್ದಳು. "ಇದನ್ನೂ ಅಳಸಾಕ ಬರ್ತದೇನ್ರಿ?" ಅಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟರು ಹೌದೆಂದರು. ಅಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ವಿಚಾರ ಮಾಡಿ ಹೇಳ್ತೀನ್ರಿ ಎಂದು ಎದ್ದಳು.

ಹೊರಗೆ ಬಂದು ಒಂದು ಚಹಾದಂಗಡಿಯ ನೆರಳಿನಲ್ಲಿ ಕೂತೆವು. ನಾನು ಇನ್ನೂ ಅದನ್ನೇ ಹೇಳುತ್ತಿದ್ದೆ. ಅವಳು ಚಹಾ ಪೂರ್ತಿ ಕುಡಿದಳು. ಕಪ್ಪನ್ನು ಕೆಳಗಿಟ್ಟ ಮೇಲೆ ಹೇಳಿದಳು.

"ನಿಮ್ಮ ಮಾವ ಹೋದಾಗ ನಿನಗ ಪರೀಕ್ಷಾ ಇತ್ತು, ನೀ ಮಣ್ಣಿಗೆ ಬಂದಿ, ಹೊಳ್ಳಿ ಹೋದಿ. ದಿನದ ಕಾರ್ಯ ಮಾಡೋ ಹೊತ್ತಿಗೆ ಇದ್ದಿದ್ದಿಲ್ಲ."

ಅವಳ ಗಂಡನನ್ನು ನಾನು ಮಾವ ಎಂದು ಕರೆಯುತ್ತಿದ್ದೆ. ಅವನು ತೀರಿಕೊಂಡಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ, ಮಗ ಕಂಕುಳ ಕೂಸು. ಬುದ್ಧವಿಹಾರ, ಪಂಚಶೀಲ ಇನ್ನೂ ನಮ್ಮ ಓಣಿಗೆ ಬಂದಿರದ ಕಾಲ ಅದು.

"ಓಣ್ಯಾಗಿನ ಹೆಣ್ಮಕ್ಕಳು ಎಲ್ಲಾರೂ ಕೂಡಿದ್ರು. ಬಳಿ ಒಡದ್ರು. ಕಾಲುಂಗ್ರ ತಗದ್ರು. ಕುಂಕುಮ ಒರಸಿದ್ರು. ಆಮ್ಯಾಲೆ ಒಬ್ಬಾಕಿ ಹಸಿ ಬಟ್ಟಿ ತಗೊಂಡು ಇದನ್ನೂ ತಿಕ್ಕಾಕತ್ತಿದ್ಲು. ತಿಕ್ಕೇ ತಿಕ್ಕಿದ್ಲು. ಹಣಿ ಉರೀತು. ಕಡೀಕ ಅಕಿನ, ಇದು ಹೋಗಂಗಿಲ್ಲ ಬಿಡ್ರವ್ವಾ ಅಂತ ಬಟ್ಟಿ ಒಗದ್ಲು. ನಾ ಅಳಾಕತ್ತಿದ್ದೆ. ಅಳಾಕತ್ತಿದ್ರೂ ಒಳಗ ಖುಷಿ ಆತು ನೋಡು. ಇದೊಂದು ಇವರ ಕೈಗೆ ಬರ್ಲಿಲ್ಲಲ್ಲ ಅಂತ."

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಉಂಡು ತಿಂದು ಜಗಳಾಡಿದವರು ನಾವು, ಆದರೂ ಗೊತ್ತಿರಲಿಲ್ಲ. ಆ ಬಟ್ಟೆ ಹಿಡಿದವಳು ಈಗ ಎದುರಿಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆನೋ. ಸಿಟ್ಟಿನಿಂದ ಕಪ್ಪನ್ನು ಬೆಂಚಿನ ಮೇಲೆ ಕುಕ್ಕಿದೆ. ಅಕ್ಕ ಅದನ್ನು ನೋಡಿ, "ಅಕಿ ಸತ್ತು ಎಷ್ಟೋ ದಿನ ಆತು, ಚಹಾ ಕುಡಿ," ಅಂದಳು.

"ಹಂಗಾರ ಏನೂ ಬ್ಯಾಡೇನು?" ಅಂದೆ.

"ಯಾಕ ಬ್ಯಾಡ? ಗೆರಿ ಬಿಸಲು ಹಾಕಿದ್ದು. ಅವು ಹೋಗ್ಲಿ. ಕಪಾಳ, ಕಣ್ಣಿನ ಸುತ್ತ ಎಲ್ಲಾ ಮಾಡ್ಲಿ. ಹಚ್ಚಿ ಮಾತ್ರ ಮುಟ್ಟಬಾರ್ದು. ಮಂದಿ ಅಜ್ಜಿ ಅಂದ್ರ ಅನ್ಲಿ, ಆದ್ರ ಕಪಾಳ ನೋಡಿ ಅನಬಾರ್ದು."

ಇದು ಯಾವ ತರ್ಕ ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಅವಳ ಮುಖ, ಅವಳ ತರ್ಕ. ಒಳಗೆ ಹೋಗಿ ಡಾಕ್ಟರಿಗೆ ಹಾಗೆಯೇ ಹೇಳಿದೆವು.

ಡಾಕ್ಟರು ಆಗಲಿ ಅಂದರು, ಆದರೆ ಕೂಡಲೇ ಅಲ್ಲ. ಅಕ್ಕ ಅದೇ ವಾರ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ಬಿಸಿಲಲ್ಲಿ ಕೂತು ಬಂದಿದ್ದಳು. ಕಾಯ್ದ ಚರ್ಮಕ್ಕೆ ಲೇಸರು ಹಿಡಿಯುವುದಿಲ್ಲ, ಮೊದಲು ಬಿಸಿಲು ಬಿಟ್ಟು ಬರಬೇಕು ಅಂದರು. ಬಿಸಿಲು ಬಿಡುವುದೆಂದರೆ ನಮ್ಮ ರಾಯಚೂರು ಸೀಮೆಯಲ್ಲಿ ಊರು ಬಿಟ್ಟ ಹಾಗೆಯೇ. ಆದರೂ ಅಕ್ಕ ಪಟ್ಟುಹಿಡಿದು ಮಾಡಿದಳು. ಚಳಿಗಾಲದಲ್ಲಿ ದೇವದುರ್ಗದ ಸಂತೆಗೆ ಕೊಡೆ ಹಿಡಿದುಕೊಂಡು ಹೋದಳು. ಮಳೆ ಬರುತ್ತದೇನು ಎಂದು ಮಂದಿ ಮೇಲೆ ನೋಡುತ್ತಿದ್ದರಂತೆ. ಮೊಮ್ಮಗಳು ಮುಲಾಮು ಹಚ್ಚುವ ಕೆಲಸ ತನ್ನದೆಂದು ಹಿಡಿದು, ಅಜ್ಜಿಯ ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯುತ್ತಿದ್ದಳು. ಸೊಸೆ ಮೆಣಸಿನಕಾಯಿಯ ಉಸ್ತುವಾರಿ ತಾನು ವಹಿಸಿಕೊಂಡಳು. ಇದು ಮೊದಲೇ ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಗೆರೆ ತೆಗೆಸಲು ಹೊರಡುತ್ತಿದ್ದೆ ಎಂದು ಅಕ್ಕ ಫೋನಿನಲ್ಲಿ ಗುಟ್ಟಾಗಿ ಹೇಳಿದಳು.

ಆ ಹೊತ್ತಿನಲ್ಲಿ ಡಾಕ್ಟರು ನನ್ನ ಕಲೆಗೆ ಹೇಳಿದ್ದ ಲೈಟು ಮುಗಿಯಿತು. ಕಣ್ಣಿಗೆ ಕಪ್ಪು ಕನ್ನಡಕ, ಮುಖಕ್ಕೆ ತಣ್ಣನೆಯ ಜೆಲ್ಲು. ಪ್ರತಿ ಸಲ ಬೆಳಕು ಹೊಡೆದಾಗ ರಬ್ಬರ್ ಬ್ಯಾಂಡು ಎಳೆದು ಬಿಟ್ಟಂಥ ಪೆಟ್ಟು, ಸಣ್ಣಗೆ ಕೂದಲು ಸುಟ್ಟ ವಾಸನೆ. ಊಟದ ಹೊತ್ತಿಗೆ ಮನೆಯಲ್ಲಿದ್ದೆ. ನನ್ನ ಕಂದು ಕಲೆಗಳು ಒಂದು ವಾರ ಕಾಫಿಪುಡಿ ಚೆಲ್ಲಿದ ಹಾಗೆ ಕಪ್ಪಗೆ ಕಂಡು ಉದುರಿದವು. ಮತ್ತೆರಡು ಸಲ ಹೋದ ಮೇಲೆ ಕೆನ್ನೆ ತಿಳಿಯಾಯಿತು. ಗೆರೆಗಳು ಒಂದೂ ಕಮ್ಮಿಯಾಗದೆ ಎಲ್ಲಿದ್ದವೋ ಅಲ್ಲೇ ಇವೆ, ಸ್ವಚ್ಛವಾದ ಜಾಗದಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತವೆ. ನನಗೆ ಅದರ ಬೇಜಾರಿಲ್ಲ. ನಾನು ಕೇಳಿದ್ದು ಕಲೆಗೆ, ಹೋದದ್ದೂ ಕಲೆ.

ಅಕ್ಕನ ಫಲಿತಾಂಶವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನಗೂ ಆಗದ ಕೆಲಸ. ಲೇಸರ್ ಆದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ಮುಖ ಊದಿಕೊಂಡು, ಸುಲಿದು, ಆಮೇಲೆ ಬಲಗಣ್ಣಿನ ಕೆಳಗೆ ಒಂದು ಕಪ್ಪು ಮಚ್ಚೆ ಎದ್ದು, ನಾನು ಹೆದರಿ, ಡಾಕ್ಟರು ಬೇರೆ ಮುಲಾಮು ಕೊಟ್ಟು, ಅದು ಬೇಸಿಗೆ ಮುಗಿಯುವಷ್ಟರಲ್ಲಿ ನಿಧಾನವಾಗಿ ಮಾಸಿತು. ಕೆನ್ನೆಯ ಆಳದ ಗೆರೆಗಳು ಅರ್ಧಕ್ಕರ್ಧ ಇಳಿದಿವೆ. ಇನ್ನರ್ಧ ಇರಲಿ, ನಾನು ದುಡಿದದ್ದಕ್ಕೆ ಸಾಕ್ಷಿ ಬೇಕಲ್ಲ ಅನ್ನುತ್ತಾಳೆ. ಆ ದಿನಗಳಲ್ಲಿ ಅವಳು ಒಲೆಯ ಹತ್ತಿರ ಹೋಗುವಂತಿರಲಿಲ್ಲ. ನಾನು ರೊಟ್ಟಿ ಬಡಿದು ಕೊಟ್ಟೆ, ಅವಳು ಕೂತಲ್ಲಿಂದಲೇ ದಪ್ಪ, ಸೀದದ್ದು ಎಂದು ರೊಟ್ಟಿಗೆ ಹೆಸರಿಟ್ಟಳು. ಜೀವನದಲ್ಲಿ ಮೊದಲ ಸಲ ಅಷ್ಟು ದಿನ ಸುಮ್ಮನೆ ಕೂತ ಅಕ್ಕನನ್ನು ನೋಡುತ್ತ ನನಗೆ ಬಹಳ ಸುಖವೆನಿಸಿತು.

ಆದರೆ ನಾನು ಹೇಳಬೇಕಾದದ್ದು ಲೇಸರ್ ಮಾಡಿದ ದಿನದ್ದು.

ಅವತ್ತು ಮುಖ ಮರಗಟ್ಟುವ ಮುಲಾಮು ಹಚ್ಚಿ ಕೂರಿಸಿದರು. ಅದು ಹತ್ತಿದ ಮೇಲೆ ಒರೆಸಿ, ಡಾಕ್ಟರು ಹಚ್ಚೆಯ ಮೇಲೆ ಒದ್ದೆ ಬಟ್ಟೆಯ ಮಡಿಕೆಯಿಟ್ಟು, ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿದರು. ಒಂದು ಕಿರಣವೂ ಒಳಗೆ ಹೋಗಬಾರದು ಎಂದು ಅಂಚನ್ನೆಲ್ಲ ಒತ್ತಿದರು. ಅಕ್ಕ ಕನ್ನಡಿ ಕೇಳಿದಳು. ಕೊಟ್ಟರು.

ಬಹಳ ಹೊತ್ತು ನೋಡಿದಳು. ನಾನು ಪಕ್ಕದಲ್ಲಿ ನಿಂತು ಅದೇ ಕನ್ನಡಿಯಲ್ಲಿ ನೋಡಿದೆ. ಹಚ್ಚೆಯಿಲ್ಲದ ಅಕ್ಕನನ್ನು ನಾನು ಹುಟ್ಟಿದಂದಿನಿಂದ ನೋಡಿದವಳಲ್ಲ. ಅಲ್ಲಿದ್ದದ್ದು ನನ್ನ ಮೂಗು, ನನ್ನ ತುಟಿ, ಇನ್ನೊಬ್ಬಳು ನಾನು. ಅದನ್ನು ತೆಗೆಸಿಬಿಡು ಎಂದು ಹೇಳಿದವಳು ನಾನೇ, ತೆಗೆದರೆ ಹೇಗೆ ಕಾಣುತ್ತದೋ ಹಾಗೇ ಕಾಣುತ್ತಿತ್ತು. ನನಗೆ ಹೆದರಿಕೆಯಾಯಿತು. ಅಕ್ಕ ಎಲ್ಲೋ ಹೋಗಿಬಿಟ್ಟ ಹಾಗಾಯಿತು.

"ನೀನ ಕಂಡಂಗಾತು ನೋಡು," ಅಂದಳು ಅಕ್ಕ. ಕನ್ನಡಿ ವಾಪಸು ಕೊಟ್ಟಳು. "ಬ್ಯಾಡವ್ವಾ. ಒಬ್ಬಾಕಿನ್ನ ಸಂಬಾಳಸೂದ ಸಾಕಾಗ್ಯದ."

ಡಾಕ್ಟರು ನಕ್ಕರು. ನಾನು ನಗಲು ನೋಡಿದೆ, ಆಗಲಿಲ್ಲ.

ಅವಳ ಕಣ್ಣು ಮುಚ್ಚಿಸಿ ಮೇಲೆ ಲೋಹದ ಮುಚ್ಚಳವಿಟ್ಟರು. ನನಗೂ ಕನ್ನಡಕ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಯಂತ್ರ ಟಿಕ್ ಟಿಕ್ ಎಂದು ಕೆನ್ನೆಯ ಮೇಲೆ ಸಾಲು ಹಿಡಿದು ಸರಿಯಿತು. ಉರಿಯುತ್ತದೆಯೇ ಎಂದು ಡಾಕ್ಟರು ಕೇಳಿದಾಗ, ಮೆಣಸಿನಕಾಯಿ ಕೈ ಮುಖಕ್ಕೆ ತಾಗಿದಷ್ಟೇ ಅಂದಳು.

ಮುಗಿದ ಮೇಲೆ ಡಾಕ್ಟರು ಬಿಳಿ ಪಟ್ಟಿ ಬಿಚ್ಚಿದರು. ಕಣ್ಣಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಅಕ್ಕ ಕೈ ಎತ್ತಿ ಹಣೆ ಮುಟ್ಟಲು ಹೋದಳು, ಮುಟ್ಟಬಾರದು ಎಂದು ಡಾಕ್ಟರು ಕೈ ಹಿಡಿದರು. ಆಗ ಅವಳು ನನ್ನನ್ನು ಕರೆದಳು. ಅಷ್ಟು ಹೊತ್ತೂ ಗಟ್ಟಿಯಾಗಿದ್ದ ದನಿ ಒಡೆದಿತ್ತು.

"ಬಾ ಇಲ್ಲಿ. ಹಣಿ ನೋಡು. ಅದ ಏನು?"

ನಾನು ಕನ್ನಡಕ ತೆಗೆದು ಬಾಗಿ ನೋಡಿದೆ. ಮುಖವೆಲ್ಲ ಕೆಂಪಗೆ ಕಾದಿತ್ತು. ನಡುವೆ ಹಣೆಯಷ್ಟು ಮಾತ್ರ ಅವಳ ಹಳೆಯ ಬಣ್ಣದಲ್ಲೇ ಇತ್ತು, ಅದರೊಳಗೆ ಆ ಹಸಿರು ಗೀಟು, ಕೆಳಗಿನ ಚುಕ್ಕೆ. ಒಂದು ಎಳೆಯೂ ಮಾಸಿರಲಿಲ್ಲ.

"ಅದ, ಅಕ್ಕ," ಅಂದೆ. ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದಿತ್ತು.

"ಹಂಗಾರ ನಡಿ ಮನಿಗೆ," ಅಂದಳು.